96 ಇದ್ದದ್ದು 11 ಆಯಿತು, ಸಿಆರ್‌ಪಿ ಮಾತ್ರ ಇಳಿದಿರಲಿಲ್ಲ

ನಾನು ಕೆಲಸ ಮಾಡುವ ಲ್ಯಾಬ್ ಹುಬ್ಬಳ್ಳಿಯ ವಿದ್ಯಾನಗರದಲ್ಲಿದೆ. ರಿಪೋರ್ಟ್ ಕೊಡುವ ಕಿಟಕಿ ಮುಂದೆ ಬೆಳಗ್ಗೆ ಹತ್ತಕ್ಕೆ ಒಂದು ಗುಂಪು ಇದ್ದೇ ಇರುತ್ತದೆ. ಗದಗ, ರೋಣ, ಹಾವೇರಿ, ನವಲಗುಂದ ಕಡೆಯಿಂದ ಬಂದವರು. ಒಂದು ಕೈಯಲ್ಲಿ ರೊಟ್ಟಿ ಬುತ್ತಿಯ ಚೀಲ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅವರ ರೋಗಿ ಎಲ್ಲೋ ಒಂದು ಐಸಿಯು ಒಳಗೆ. ಮನೆಯವರನ್ನು ಒಳಗೆ ಬಿಡುವುದು ಸ್ವಲ್ಪ ಹೊತ್ತು ಮಾತ್ರ. ಹೀಗಾಗಿ ಅವರ ಪಾಲಿಗೆ ರೋಗಿಯ ಸ್ಥಿತಿ ಅಂದರೆ ಆ ಫೈಲಿನ ಕಾಗದವೇ.

ಮಳೆಗಾಲದಲ್ಲಿ ಒಂದು ದಿನ ನವಲಗುಂದ ಕಡೆಯ ಹುಡುಗನೊಬ್ಬ ಎರಡು ರಿಪೋರ್ಟ್ ಹಿಡಿದು ಬಂದ. ಮುಖದಲ್ಲಿ ಸ್ವಲ್ಪ ನಗು ಇತ್ತು.

"ಸರ, ಇದನ್ನೊಂಚೂರು ನೋಡ್ರಿ. ಮೊನ್ನಿ ಸಿಆರ್‌ಪಿ 96 ಇತ್ತು. ಇವತ್ತ 11 ಆಗೇತಿ. ನಮ್ಮ ಕಾಕಾ ಆರಾಮ ಆಗಾಕತ್ಯಾರ, ಹೌದಲ್ರಿ?"

ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತ ಎದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಹೌದು ಅನ್ನುವಷ್ಟರಲ್ಲಿ ಸಂಖ್ಯೆ ಪಕ್ಕದ ಅಕ್ಷರಗಳು ಕಣ್ಣಿಗೆ ಬಿದ್ದವು. ಊರ ಹತ್ತಿರದ ಲ್ಯಾಬಿನವರು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದಿದ್ದರು. ನಮ್ಮದು ಡೆಸಿಲೀಟರಿನ ಲೆಕ್ಕ. ಡೆಸಿಲೀಟರ್ ಅಂದರೆ ಲೀಟರಿನ ಹತ್ತನೇ ಒಂದು ಪಾಲು. ನಮ್ಮ 11.2 ಅನ್ನು ಅವರ ಲೆಕ್ಕಕ್ಕೆ ತಂದರೆ 112. ಇಳಿಯುವುದಿರಲಿ, ಏರಿತ್ತು.

"ತಮ್ಮಾ, ಎರಡೂ ಕಾಗದ ಒಟ್ಟಿಗೇ ಡಾಕ್ಟರಿಗೆ ತೋರಿಸು" ಅಂದೆ. ಲೆಕ್ಕವನ್ನೂ ಹೇಳಿದೆ. ಅವನ ನಗು ಹೋಯಿತು. "ಹಂಗಾರ ನಂಜು ಜಾಸ್ತಿ ಆಗೇತೇನ್ರಿ?" ಅಂದ. ಅದಕ್ಕೂ ಹೌದು ಅನ್ನಲು ನನಗೆ ಬಾಯಿ ಬರಲಿಲ್ಲ. ಯಾಕೆ ಅಂತ ಕಿಟಕಿ ಮುಂದೆ ನಿಂತವನಿಗೆ ಎರಡು ಮಾತಿನಲ್ಲಿ ಹೇಳುವುದು ಕಷ್ಟ. ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಜ್ವರ ಇದ್ದರೆ ಇನ್ಫೆಕ್ಷನ್ ಅಲ್ವಾ?

ಮನೆಯಲ್ಲಿ ಜ್ವರ ಬಂದರೆ ಗಂಟಲು ನೋವೋ ಉರಿಮೂತ್ರವೋ ರೋಗಿಯೇ ಹೇಳುತ್ತಾನೆ. ಐಸಿಯುನಲ್ಲಿ ಬಾಯೊಳಗೆ ವೆಂಟಿಲೇಟರ್ ಕೊಳವೆ ಇರುತ್ತದೆ, ನಿದ್ದೆ ಔಷಧಿ ಹನಿಹನಿಯಾಗಿ ಹೋಗುತ್ತಿರುತ್ತದೆ. ಹೇಳುವವರೇ ಇಲ್ಲ. ಮೇಲಾಗಿ ಅಲ್ಲಿ ಜ್ವರ ಬರಲು ರೋಗಾಣುವೇ ಬೇಕೆಂದಿಲ್ಲ. ಅಪಘಾತದಲ್ಲಿ ಎಲುಬು ಮುರಿದವರು, ಮೈ ಸುಟ್ಟವರು, ಮೇದೋಜೀರಕ ಗ್ರಂಥಿ ಊದಿಕೊಂಡವರು, ದೊಡ್ಡ ಆಪರೇಷನ್ ಆದವರು, ಇವರಿಗೆಲ್ಲ ಒಂದೂ ರೋಗಾಣು ಇಲ್ಲದೆ ಮೈ ಬಿಸಿಯಾಗುತ್ತದೆ, ನಾಡಿ ಓಡುತ್ತದೆ, ಬಿಳಿ ರಕ್ತಕಣ ಏರುತ್ತವೆ.

ನಮ್ಮ ಸೀಮೆಯದೇ ಒಂದು ಉದಾಹರಣೆ. ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಹೊಡೆಯುವ ಕೀಟನಾಶಕ ಎಣ್ಣೆ ಹೊಟ್ಟೆ ಸೇರಿ ಐಸಿಯುಗೆ ಬರುವವರಿದ್ದಾರೆ. ಅವರ ಜೀವ ಉಳಿಸಲು ಅಟ್ರೋಪಿನ್ ಕೊಡುತ್ತಾರೆ. ಆ ಅಟ್ರೋಪಿನ್ ಬೆವರು ನಿಲ್ಲಿಸುತ್ತದೆ, ಮೈ ಬಿಸಿ ಮಾಡುತ್ತದೆ, ನಾಡಿಯನ್ನೂ ಓಡಿಸುತ್ತದೆ. ಅದೇ ರೋಗಿಗೆ ವಾಂತಿ ಶ್ವಾಸಕೋಶಕ್ಕೆ ಇಳಿದು ನಿಜವಾದ ನ್ಯುಮೋನಿಯಾ ಕೂಡ ಆಗಿರಬಹುದು. ಮೈ ಮುಟ್ಟಿ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಇತ್ತ ವಯಸ್ಸಾದ ಅಜ್ಜಿಗೆ ರಕ್ತದಲ್ಲೆಲ್ಲ ನಂಜು ಹರಡಿದ್ದರೂ ಮೈ ತಣ್ಣಗೇ ಇರಬಹುದು.

ಖಾತ್ರಿ ದಾರಿ ಒಂದಿದೆ, ಬ್ಲಡ್ ಕಲ್ಚರ್. ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಹಾಕಿ, ಮೆಷಿನ್ನಿನಲ್ಲಿ ಬೆಚ್ಚಗೆ ಇಡುತ್ತೇವೆ. ರೋಗಾಣು ಇದ್ದರೆ ಬೆಳೆಯುತ್ತದೆ. ಬೆಳೆಯಲು ಒಂದರಿಂದ ಮೂರು ದಿನ ಬೇಕು. ಸೆಪ್ಸಿಸ್ ಅಂದರೆ ಇನ್ಫೆಕ್ಷನ್ನಿಗೆ ಮೈ ವಿಪರೀತ ಕೆರಳಿ ಅಂಗಾಂಗಗಳೇ ಕೆಡುವ ಸ್ಥಿತಿ. ಅದು ಆದವರಲ್ಲೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಬೆಳೆಯುತ್ತದೆ. ಆದರೆ ಬಿಪಿ ಕುಸಿದ ರೋಗಿಯಲ್ಲಿ ಸೆಪ್ಸಿಸ್ ಅನುಮಾನ ಬಂದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರು ಮಾಡಿ ಎನ್ನುತ್ತವೆ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಗಳು. ಒಂದು ಗಂಟೆ ಎಲ್ಲಿ, ಮೂರು ದಿನ ಎಲ್ಲಿ?

ಎಲ್ಲರಿಗೂ ಆ್ಯಂಟಿಬಯೋಟಿಕ್ ಹಾಕಿಬಿಟ್ಟರೆ ಆಯಿತು ಅನ್ನಬಹುದು. ಹಾಗೆ ಮಾಡಿಯೇ ಇವತ್ತು ಮೆರೊಪೆನೆಮ್ ಎಂಬ ದೊಡ್ಡ ಆ್ಯಂಟಿಬಯೋಟಿಕ್‌ಗೂ ಬಗ್ಗದ ರೋಗಾಣುಗಳು ಐಸಿಯುಗಳಲ್ಲಿ ಮನೆ ಮಾಡಿವೆ. ಅವಕ್ಕೆ ಕೊಡುವ ಕೊಲಿಸ್ಟಿನ್ ಕಿಡ್ನಿಗೆ ಏಟು ಕೊಡುತ್ತದೆ.

ಈ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಬಯೋಮಾರ್ಕರ್ ಪರೀಕ್ಷೆಗಳು. ಕಲ್ಚರ್ ಹುಡುಕುವುದು ರೋಗಾಣುವನ್ನು. ಬಯೋಮಾರ್ಕರ್ ನೋಡುವುದು ರೋಗಿಯ ಮೈ ಅದಕ್ಕೆ ಏನು ಮಾಡುತ್ತಿದೆ ಅನ್ನುವುದನ್ನು. ಹೊಲದ ಮನೆಯಲ್ಲಿ ರಾತ್ರಿ ನಾಯಿ ಬೊಗಳಿದ ಹಾಗೆ. ಯಾರೋ ಬಂದಿದ್ದಾರೆ ಅನ್ನುವುದು ಖರೆ. ಕಳ್ಳನೋ, ಬಸ್ ತಪ್ಪಿಸಿಕೊಂಡು ತಡವಾಗಿ ಬಂದ ಮಾವನೋ, ಅದನ್ನು ನಾಯಿ ಹೇಳುವುದಿಲ್ಲ.

ಸಿಆರ್‌ಪಿ: ಹಳೆಯ ನಾಯಿ, ಎಲ್ಲರಿಗೂ ಬೊಗಳುತ್ತದೆ

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತ ಪರೀಕ್ಷಿಸುತ್ತಿದ್ದರು. ನ್ಯುಮೋಕಾಕಸ್ ರೋಗಾಣುವಿನ 'ಸಿ' ಎಂಬ ಅಂಶಕ್ಕೆ ರೋಗಿಗಳ ರಕ್ತದಲ್ಲಿನ ಏನೋ ಒಂದು ಅಂಟಿಕೊಂಡು ಗಸಿಯಂತೆ ತಳಕ್ಕೆ ಕೂರುವುದು ಕಂಡಿತು. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್, ಚುಟುಕಾಗಿ ಸಿಆರ್‌ಪಿ.

ಇದನ್ನು ಮಾಡುವುದು ಲಿವರ್. ಎಲ್ಲಾದರೂ ಉರಿಯೂತ ಎದ್ದರೆ ಅಲ್ಲಿಂದ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಹೊರಡುತ್ತದೆ, ಲಿವರ್ ಸಿಆರ್‌ಪಿ ಸುರಿಯಲು ಶುರು ಮಾಡುತ್ತದೆ. ಆರು ಗಂಟೆ ಹೊತ್ತಿಗೆ ಏರಲು ತೊಡಗಿ ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಉರಿಯೂತ ನಿಂತ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧ ಅರ್ಧ ಕರಗುತ್ತದೆ.

ಈಗ ಆ ಹುಡುಗನ ಕಾಕಾನ ಕಾಗದಕ್ಕೆ ಬನ್ನಿ. 96 ಬಂದದ್ದು ಚಳಿಜ್ವರ ಶುರುವಾದ ಮರುದಿನ. 112 ಬಂದದ್ದು ಹುಬ್ಬಳ್ಳಿಗೆ ತಂದು ಆ್ಯಂಟಿಬಯೋಟಿಕ್ ಕೊಟ್ಟು ಒಂದು ದಿನ ಕಳೆದ ಮೇಲೆ. ಔಷಧಿ ಕೆಲಸ ಶುರು ಮಾಡಿದ್ದರೂ ಸಿಆರ್‌ಪಿ ಇನ್ನೂ ನಿನ್ನೆ ಮೊನ್ನೆಯ ಕಥೆಯನ್ನೇ ಹೇಳುತ್ತಿರಬಹುದು. 112 ಎಂದರೆ ನಂಜು ಏರುತ್ತಿದೆ ಅನ್ನಲು ನನಗೆ ಬಾಯಿ ಬರದೇ ಇದ್ದದ್ದು ಇದಕ್ಕೇ.

ಎರಡನೇ ತೊಂದರೆ ಇನ್ನೂ ದೊಡ್ಡದು. ಬೆಂಕಿ ಇಲ್ಲದೆ ಹೊಗೆ ಆಡಲ್ಲ ಅಂತೀವಿ. ಐಸಿಯುನಲ್ಲಿ ಆಡುತ್ತದೆ. ಎಲುಬು ಮುರಿದಾಗ, ಹೊಟ್ಟೆ ಕೊಯ್ದಾಗ ಲಕ್ಷಾಂತರ ಜೀವಕೋಶ ಒಡೆದು ಒಳಗಿದ್ದದ್ದು ರಕ್ತಕ್ಕೆ ಚೆಲ್ಲುತ್ತದೆ. ಅದರಲ್ಲಿ ಮೈಟೊಕಾಂಡ್ರಿಯಾದ ಚೂರುಗಳೂ ಇರುತ್ತವೆ. ಈ ಮೈಟೊಕಾಂಡ್ರಿಯಾ ಬಹಳ ಹಿಂದೆ ಒಂದು ಕಾಲದಲ್ಲಿ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾದ ವಂಶ. ಆ ಗುರುತು ಇನ್ನೂ ಅಳಿಸಿಲ್ಲ. ನಮ್ಮ ಕಾವಲು ಕಣಗಳು ಅದನ್ನು ನೋಡಿ ಬ್ಯಾಕ್ಟೀರಿಯಾ ಬಂತೆಂದೇ ತಿಳಿದು ಗದ್ದಲ ಎಬ್ಬಿಸುತ್ತವೆ. ನಮ್ಮ ಮೈಯ ಚೂರನ್ನೇ ಮೈ ವೈರಿ ಅಂದುಕೊಳ್ಳುವ ಈ ವಿಚಾರ ನನಗೆ ಇವತ್ತಿಗೂ ಸೋಜಿಗ. ಅದಕ್ಕೇ ಆಪರೇಷನ್ ಆದ ಎರಡನೇ ದಿನ ಸಿಆರ್‌ಪಿ 150 ಬಂದರೂ ಸರ್ಜನ್ ಗಾಬರಿ ಆಗುವುದಿಲ್ಲ. ಆಮೇಲೆ ಅದು ಇಳಿಯದೆ ಮತ್ತೆ ಏರಿದರೆ ಆಗ ಹೊಲಿಗೆ ಬಿಚ್ಚಿ ನೋಡುವ ಯೋಚನೆ ಮಾಡುತ್ತಾರೆ.

ಲಿವರ್ ಕೆಟ್ಟವರಲ್ಲಿ ಇದು ತಿರುಗಾಮುರುಗಾ. ಸಿಆರ್‌ಪಿ ಮಾಡುವ ಕಾರ್ಖಾನೆಯೇ ಕುಂಟುವುದರಿಂದ ನಂಜು ಎಷ್ಟೇ ಇದ್ದರೂ ಸಂಖ್ಯೆ ಅದಕ್ಕೆ ತಕ್ಕಷ್ಟು ಏರುವುದಿಲ್ಲ.

ಖವಾ ಮತ್ತು ಪೇಡಾ

ಈಗ ಪ್ರೊಕ್ಯಾಲ್ಸಿಟೋನಿನ್. ಐಸಿಯುನಲ್ಲಿ ಪಿಸಿಟಿ ಅಂತ ಕರೆಯುತ್ತಾರೆ. ಸಿಆರ್‌ಪಿಗೆ ಕೆಲವು ನೂರು ರೂಪಾಯಿ ಆದರೆ ಇದು ಸಾವಿರ ದಾಟುತ್ತದೆ. ಮನೆಯವರು ಬಿಲ್ಲಿನಲ್ಲಿ ಮೊದಲು ಬೆರಳಿಟ್ಟು ಕೇಳುವುದೂ ಇದನ್ನೇ.

ಧಾರವಾಡದ ಲೈನ್ ಬಜಾರಿನಲ್ಲಿ ನಿಂತು ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಹಾಲು ಕುದಿಸಿ ಇಂಗಿಸಿದರೆ ಖವಾ. ಖವಾ ಹುರಿದು, ಕಟ್ಟಿ, ಸಕ್ಕರೆಯಲ್ಲಿ ಹೊರಳಿಸಿದರೆ ಪೇಡಾ. ನಮ್ಮ ಕತ್ತಿನ ಥೈರಾಯ್ಡ್ ಗ್ರಂಥಿಯ ಒಂದು ಬಗೆಯ ಜೀವಕೋಶಗಳು ಪೇಡಾ ಅಂಗಡಿ ಇದ್ದ ಹಾಗೆ. ಅವು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್ ಮಾಡುತ್ತವೆ. ಅದಕ್ಕೂ ಮೊದಲಿನ ಕಚ್ಚಾ ಸರಕು 116 ಅಮೈನೊ ಆಮ್ಲಗಳ ಪ್ರೊಕ್ಯಾಲ್ಸಿಟೋನಿನ್. ಅಂಗಡಿಯೊಳಗೇ ಅದನ್ನು ಕತ್ತರಿಸಿ ಸಿದ್ಧ ಮಾಡಿ ಹೊರಗೆ ಕಳಿಸುವುದರಿಂದ ಬೀದಿಗೆ, ಅಂದರೆ ರಕ್ತಕ್ಕೆ, ಖವಾ ಬರುವುದೇ ಕಡಿಮೆ. ಆರೋಗ್ಯವಂತರಲ್ಲಿ ಮಿಲಿಲೀಟರಿಗೆ 0.1 ನ್ಯಾನೊಗ್ರಾಂ ಕೂಡ ಇರುವುದಿಲ್ಲ.

ಬ್ಯಾಕ್ಟೀರಿಯಾ ಮೈಯೆಲ್ಲ ಹರಡಿದಾಗ ವಿಚಿತ್ರ ನಡೆಯುತ್ತದೆ. ಲಿವರ್, ಶ್ವಾಸಕೋಶ, ಕೊಬ್ಬು, ಹೀಗೆ ಸಿಕ್ಕಸಿಕ್ಕ ಅಂಗವೆಲ್ಲ ಪ್ರೊಕ್ಯಾಲ್ಸಿಟೋನಿನ್ ಮಾಡತೊಡಗುತ್ತದೆ. ಮನೆಮನೆಯಲ್ಲೂ ಖವಾ ಕುದಿಯುತ್ತಿದೆ, ಪೇಡಾ ಕಟ್ಟಲು ಯಾರಿಗೂ ಬರುವುದಿಲ್ಲ. ಖವಾ ಬೀದಿಗೆ ಹರಿಯುತ್ತದೆ. ಮೂರ್ನಾಲ್ಕು ಗಂಟೆಯಲ್ಲೇ ರಕ್ತದಲ್ಲಿ ಏರಲು ಶುರುವಾಗಿ ಒಂದು ದಿನದೊಳಗೆ ತುದಿ ಮುಟ್ಟುತ್ತದೆ. ನೂರುಪಟ್ಟು ಏರಿದರೂ ಆಶ್ಚರ್ಯವಿಲ್ಲ. ಔಷಧಿ ನಾಟಿದರೆ ಸುಮಾರು ಒಂದು ದಿನಕ್ಕೆ ಅರ್ಧ ಆಗುತ್ತದೆ. ವೈರಸ್ ಜ್ವರದಲ್ಲಿ ಮೈ ಬಿಡುವ ಇಂಟರ್‌ಫೆರಾನ್ ಗಾಮಾ ಈ ಒಲೆಗಳನ್ನು ಆರಿಸುತ್ತದೆ. ಹಾಗಾಗಿ ವೈರಸ್ಸಿನಲ್ಲಿ ಪಿಸಿಟಿ ಸಾಮಾನ್ಯವಾಗಿ ಕೆಳಗೇ ಉಳಿಯುತ್ತದೆ. 1993ರಲ್ಲಿ ಪ್ಯಾರಿಸ್ಸಿನ ವೈದ್ಯರು ಮಕ್ಕಳಲ್ಲಿ ಈ ವ್ಯತ್ಯಾಸವನ್ನು ತೋರಿಸಿದ ಮೇಲೆ ಪಿಸಿಟಿಯ ಕಡೆ ಎಲ್ಲರ ಕಣ್ಣು ಬಿತ್ತು.

ಕೇಳಲು ಬಲು ಚೆಂದ. ಹಾಗಾದರೆ 0.5ರ ಕೆಳಗಿದ್ದರೆ ಇನ್ಫೆಕ್ಷನ್ ಇಲ್ಲ, 2 ದಾಟಿದರೆ ಇದೆ, ಮುಗಿಯಿತಲ್ಲ? ಮುಗಿಯಲಿಲ್ಲ. ಕಿಡ್ನಿ ಕೆಟ್ಟವರಲ್ಲಿ ಪಿಸಿಟಿ ಮೊದಲೇ ಸ್ವಲ್ಪ ಮೇಲಿರುತ್ತದೆ. ದೊಡ್ಡ ಆಪರೇಷನ್, ಸುಟ್ಟ ಗಾಯ, ಹೃದಯ ನಿಂತು ಮತ್ತೆ ಶುರುವಾದದ್ದು, ಹುಟ್ಟಿದ ಮೊದಲ ಎರಡು ದಿನದ ಕೂಸು, ಇಲ್ಲೆಲ್ಲ ಇನ್ಫೆಕ್ಷನ್ ಇಲ್ಲದೆಯೂ ಏರುತ್ತದೆ. ಜೋರಾದ ಮಲೇರಿಯಾದಲ್ಲೂ ಏರುತ್ತದೆ, ಮಲೇರಿಯಾ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಇನ್ನೊಂದು ಕಡೆ, ಹೊಟ್ಟೆಯ ಮೂಲೆಯಲ್ಲಿ ಕೀವು ಗಂಟು ಕಟ್ಟಿ ಕೂತಿದ್ದರೆ ಪಿಸಿಟಿ ಕೆಳಗೇ ಇರಬಹುದು.

2013ರಲ್ಲಿ 30 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸೆಪ್ಸಿಸ್ ಇದ್ದವರಲ್ಲಿ ನೂರಕ್ಕೆ 77 ಮಂದಿಯನ್ನು ಪಿಸಿಟಿ ಹಿಡಿಯಿತು. ಇಲ್ಲದವರಲ್ಲಿ ನೂರಕ್ಕೆ 79 ಮಂದಿಗೆ ಸರಿಯಾಗಿ ಇಲ್ಲ ಅಂದಿತು. ಪರೀಕ್ಷೆಯಲ್ಲಿ 77 ಅಂಕ ಬಂದರೆ ನಮ್ಮಲ್ಲಿ ಪೇಡಾ ಹಂಚುತ್ತಾರೆ. ಇಲ್ಲಿ ಸ್ವಲ್ಪ ತಡೆಯಿರಿ. ಸುಮ್ನೆ ಕಣ್ಣು ಮುಚ್ಚಿ ಐಸಿಯುಗೆ ಬಂದ ಎಲ್ಲರಿಗೂ ಮಾಡಿಸಿದಿರಿ ಅಂದುಕೊಳ್ಳಿ. ನೂರು ಜನರಲ್ಲಿ 10 ಮಂದಿಗೆ ಮಾತ್ರ ನಿಜವಾದ ಸೆಪ್ಸಿಸ್ ಇದೆ. ಆ ಹತ್ತರಲ್ಲಿ 8 ಮಂದಿ ಸಿಕ್ಕರು, ಇಬ್ಬರು ತಪ್ಪಿದರು. ಉಳಿದ 90ರಲ್ಲಿ 19 ಮಂದಿಗೆ ಸುಳ್ಳು ಗಂಟೆ ಬಾರಿಸಿತು. ಅಂದರೆ ಗಂಟೆ ಬಾರಿಸಿದ 27 ಮಂದಿಯಲ್ಲಿ ನಿಜವಾದವರು 8. ಅದೇ, ಡಾಕ್ಟರ್ ಮೈ ಮುಟ್ಟಿ, ಮೂತ್ರ ನೋಡಿ, ಎಕ್ಸ್‌ರೇ ನೋಡಿ, ಅನುಮಾನ ಇದ್ದವರಿಗಷ್ಟೇ ಮಾಡಿಸಿದರೆ? ನೂರರಲ್ಲಿ 50 ಮಂದಿಗೆ ಸೆಪ್ಸಿಸ್ ಇರುವ ಗುಂಪಾದರೆ ಸುಮಾರು 38 ನಿಜ, 10 ಸುಳ್ಳು. ಮೆಷಿನ್ ಅದೇ, ರಕ್ತದ ಟ್ಯೂಬೂ ಅದೇ. ಬದಲಾದದ್ದು ಪರೀಕ್ಷೆಗೆ ಮೊದಲು ಡಾಕ್ಟರ್ ಎಷ್ಟು ಯೋಚನೆ ಮಾಡಿದರು ಅನ್ನುವುದು. ರಿಪೋರ್ಟಿನಲ್ಲಿ ಅದು ಅಚ್ಚಾಗುವುದಿಲ್ಲ.

ಶುರು ಮಾಡಲು ಅಲ್ಲ, ನಿಲ್ಲಿಸಲು

ಪಿಸಿಟಿ ಏರಿದ ಕೂಡಲೇ ಔಷಧಿ ಹೆಚ್ಚಿಸಿದರೆ ಜೀವ ಉಳಿಯುತ್ತದಾ ಅಂತ ಡೆನ್ಮಾರ್ಕಿನಲ್ಲಿ 1,200 ಐಸಿಯು ರೋಗಿಗಳಲ್ಲಿ ನೋಡಿದರು. ಫಲಿತಾಂಶ 2011ರಲ್ಲಿ ಬಂತು. ಸಾವು ಕಡಿಮೆ ಆಗಲಿಲ್ಲ. ಔಷಧಿ ಬಳಕೆ ಮಾತ್ರ ಏರಿತು, ಐಸಿಯುನಲ್ಲಿ ಇರುವ ದಿನಗಳೂ ಏರಿದವು.

ತಿರುಗಿಸಿ ಕೇಳಿದಾಗ ಬೇರೆಯೇ ಉತ್ತರ ಸಿಕ್ಕಿತು. 2016ರ ನೆದರ್‌ಲ್ಯಾಂಡ್ಸ್ ಅಧ್ಯಯನದಲ್ಲಿ ನಿಯಮ ಸರಳವಾಗಿತ್ತು. ಪಿಸಿಟಿ ತುದಿಯಿಂದ ಶೇ. 80ರಷ್ಟು ಇಳಿದರೆ ಅಥವಾ 0.5ಕ್ಕೆ ಬಂದರೆ ಆ್ಯಂಟಿಬಯೋಟಿಕ್ ನಿಲ್ಲಿಸುವ ಬಗ್ಗೆ ಡಾಕ್ಟರಿಗೆ ಸಲಹೆ ಹೋಗುತ್ತಿತ್ತು. ಏಳು ದಿನದ ಔಷಧಿ ಐದು ದಿನಕ್ಕೆ ಇಳಿಯಿತು. 28 ದಿನದೊಳಗಿನ ಸಾವು ಎಂದಿನ ಚಿಕಿತ್ಸೆಯಲ್ಲಿ ನೂರಕ್ಕೆ 25 ಇದ್ದರೆ ಈ ಗುಂಪಿನಲ್ಲಿ 20. 2024ರ ಕೊನೆಯಲ್ಲಿ ಬ್ರಿಟನ್ನಿನಿಂದ 2,760 ರೋಗಿಗಳ ಅಧ್ಯಯನ ಬಂತು. ಪಿಸಿಟಿ ನೋಡಿ ನಿಲ್ಲಿಸಿದವರಲ್ಲಿ ಔಷಧಿಯ ಅವಧಿ 10.7 ದಿನದಿಂದ 9.8ಕ್ಕೆ ಇಳಿಯಿತು, ಹಾನಿ ಕಾಣಲಿಲ್ಲ. ಅಲ್ಲಿ ಸಿಆರ್‌ಪಿಯನ್ನೂ ಹೀಗೇ ಬಳಸಿ ನೋಡಿದರು, ಅವಧಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಒಂದು ದಿನ ಉಳಿಸಿದ್ದು ದೊಡ್ಡದಾ ಅನ್ನಬಹುದು. ಹತ್ತು ಹಾಸಿಗೆಯ ಐಸಿಯುನಲ್ಲಿ ವರ್ಷಕ್ಕೆ ಎಷ್ಟು ಬಾಟಲಿ ಆಗುತ್ತದೆ ಲೆಕ್ಕ ಹಾಕಿ.

2021ರ ಸೆಪ್ಸಿಸ್ ಮಾರ್ಗಸೂಚಿಯೂ ಇದೇ ದಾರಿ ಹಿಡಿದಿದೆ. ಔಷಧಿ ಯಾವಾಗ ಶುರು ಮಾಡಬೇಕು ಅನ್ನಲು ಪಿಸಿಟಿ ಬೇಡ, ಯಾವಾಗ ನಿಲ್ಲಿಸಬೇಕು ಅನ್ನಲು ರೋಗಿಯ ಸ್ಥಿತಿಯ ಜೊತೆ ಅದನ್ನೂ ನೋಡಿ ಎನ್ನುತ್ತದೆ. ನನ್ನ ಮಟ್ಟಿಗೆ ಪಿಸಿಟಿಯ ಮೊದಲ ರಿಪೋರ್ಟಿಗಿಂತ ಮೂರನೆಯದೇ ಬೆಲೆಯುಳ್ಳದ್ದು. ಒಂದೇ ಸಲ ಮಾಡಿಸಿ ಬಿಡುವುದಾದರೆ ಆ ದುಡ್ಡಿನ ಬಹುಪಾಲು ದಂಡ.

ಕಂಕುಳಲ್ಲಿ ಒಂದು ಕರಿ ಹಕ್ಕಳೆ

ನಮ್ಮ ಕಡೆಯ ಮಳೆಗಾಲದ ಜ್ವರಕ್ಕೆ ಈ ಯಾವ ಸಂಖ್ಯೆಯೂ ಸರಿಯಾಗಿ ಕೂರುವುದಿಲ್ಲ. ಸ್ಕ್ರಬ್ ಟೈಫಸ್ ತೆಗೆದುಕೊಳ್ಳಿ. ಬದುವಿನ ಹುಲ್ಲು, ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ರೋಗ. ಕಾರಣ ಬ್ಯಾಕ್ಟೀರಿಯಾವೇ. ಆದರೆ ಅದು ಜೀವಕೋಶದ ಒಳಗೆ ಮಾತ್ರ ಬದುಕುತ್ತದೆ, ಮಾಮೂಲಿ ಕಲ್ಚರ್ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ. ಸಿಆರ್‌ಪಿ ಏರಿರುತ್ತದೆ, ಪಿಸಿಟಿ ಏರಿರುತ್ತದೆ, ಕಲ್ಚರ್ ನೆಗೆಟಿವ್. ರಿಪೋರ್ಟ್ ನೋಡಿ ಸೆಫ್ಟ್ರಿಯಾಕ್ಸೋನ್ ಹಾಕಿದರೆ, ಮೆರೊಪೆನೆಮ್‌ಗೆ ಏರಿಸಿದರೆ ಏನೂ ನಾಟುವುದಿಲ್ಲ. ಕೊಡಬೇಕಾದದ್ದು ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೊಮೈಸಿನ್. ರೋಗ ಜೋರಾಗಿದ್ದರೆ ಎರಡನ್ನೂ ಸೇರಿಸಿ ಕೊಡುವುದು ಮೇಲು ಎಂದು ನಮ್ಮ ದೇಶದಲ್ಲೇ ನಡೆದ ಅಧ್ಯಯನ 2023ರಲ್ಲಿ ತೋರಿಸಿತು.

ಇದನ್ನು ಎಷ್ಟೋ ಸಲ ಬಯಲು ಮಾಡುವುದು ಒಂದು ಹಕ್ಕಳೆ. ನುಸಿ ಕಚ್ಚಿದ ಜಾಗ ಬೀಡಿಯಿಂದ ಸುಟ್ಟ ಹಾಗೆ ಕರ್ರಗೆ ಆಗಿರುತ್ತದೆ. ನೋವಿಲ್ಲ, ತುರಿಕೆ ಇಲ್ಲ. ಕಂಕುಳು, ತೊಡೆಸಂದು, ಮೊಲೆಯ ಕೆಳಗೆ, ಸೀರೆ ಕಟ್ಟುವ ಜಾಗ, ಹೀಗೆ ಯಾರೂ ನೋಡದ ಕಡೆಯೇ ಇರುತ್ತದೆ. ಎಲ್ಲರಲ್ಲೂ ಸಿಗುವುದಿಲ್ಲ. ಸಿಕ್ಕರೆ ಮಾತ್ರ ನಮ್ಮ ಲ್ಯಾಬಿನ ಯಾವ ಮೆಷಿನ್ನಿಗಿಂತಲೂ ಅದರ ಮಾತು ತೂಕದ್ದು. ಲ್ಯಾಬಿನವನಾಗಿ ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹೊಲದಲ್ಲಿ ಕಳೆ ತೆಗೆದಿದ್ದು, ಮೇವು ಕೊಯ್ದಿದ್ದು ಇದ್ದರೆ ಮನೆಯವರು ಡಾಕ್ಟರಿಗೆ ಅದನ್ನು ಹೇಳಬೇಕು. ಅದು ಯಾವ ಟ್ಯೂಬಿನಲ್ಲೂ ಬರುವುದಿಲ್ಲ.

ಲ್ಯಾಕ್ಟೇಟ್ ಬಗ್ಗೆಯೂ ಒಂದು ಮಾತು. ಇದನ್ನೂ ಮನೆಯವರು ನಂಜಿನ ಸಂಖ್ಯೆ ಅಂದುಕೊಳ್ಳುತ್ತಾರೆ. ರೋಗಾಣುವಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಅಂಗಾಂಗಗಳಿಗೆ ರಕ್ತ ಸಾಲದೆ ಮೈ ಒದ್ದಾಡುತ್ತಿದ್ದರೆ ಲೀಟರಿಗೆ 2 ಮಿಲಿಮೋಲ್ ದಾಟಿ ಏರುತ್ತದೆ. ರೋಗ ಎಷ್ಟು ಗಂಭೀರ ಅನ್ನುವುದಕ್ಕೆ ಇದು ಬೇಕು. ಇದರ ರಕ್ತ ತುಂಬುವ ಟ್ಯೂಬಿಗೆ ಬೂದುಬಣ್ಣದ ಮುಚ್ಚಳ, ಒಳಗೆ ಫ್ಲೋರೈಡ್. ಅದು ಇಲ್ಲದಿದ್ದರೆ ಟ್ಯೂಬಿನೊಳಗಿನ ಕೆಂಪು ಕಣಗಳೇ ಸಕ್ಕರೆ ತಿಂದು ಲ್ಯಾಕ್ಟೇಟ್ ಮಾಡುತ್ತ ಕೂರುತ್ತವೆ. ಬೇರೆ ಮುಚ್ಚಳದ ಟ್ಯೂಬಿನಲ್ಲಿ ತುಂಬಿ, ಕಟ್ಟೆ ಮೇಲೆ ಒಂದು ತಾಸು ಮರೆತು ಬಿಟ್ಟ ರಕ್ತದಲ್ಲಿ ರೋಗಿಗಿಂತ ಟ್ಯೂಬಿಗೇ ಕಾಯಿಲೆ ಜಾಸ್ತಿ.

ಹೊಸ ಸುಳಿವುಗಳ ಹುಡುಕಾಟ ನಿಂತಿಲ್ಲ. ಪ್ರೆಸೆಪ್ಸಿನ್ ಇದೆ, ಇಂಟರ್‌ಲ್ಯೂಕಿನ್-6 ಇದೆ, ಬಿಳಿಕಣಗಳ ಗಾತ್ರದ ಏರುಪೇರು ಅಳೆಯುವುದಿದೆ, ಬಿಳಿಕಣಗಳಲ್ಲಿ ಯಾವ ಜೀನ್ ಎಚ್ಚರವಾಗಿದೆ ಎಂದು ತಾಸಿನ ಲೆಕ್ಕದಲ್ಲಿ ಹೇಳುವ ಕಿಟ್ ಇದೆ. 2010ರಲ್ಲಿ ಸೆಪ್ಸಿಸ್ ಬಯೋಮಾರ್ಕರ್‌ಗಳನ್ನು ಎಣಿಸಿದಾಗ 178 ಇದ್ದವು. ಹತ್ತು ವರ್ಷ ಬಿಟ್ಟು ಮತ್ತೆ ಎಣಿಸಿದರೆ 258. ಒಂದು ಸರಿಯಾಗಿ ಕೆಲಸ ಮಾಡಿದ್ದರೆ ಉಳಿದ 257 ಯಾಕೆ ಬೇಕಿತ್ತು ಅಂತ ನಮ್ಮ ಲ್ಯಾಬಿನ ಹಿರಿಯರೊಬ್ಬರು ನಗುತ್ತಿರುತ್ತಾರೆ.

ಆ ಹುಡುಗ ಮುಂದಿನ ನಾಲ್ಕು ದಿನವೂ ಬಂದ. ಎರಡನೇ ದಿನದಿಂದ ಕ್ಯಾಲೆಂಡರ್ ಹಾಳೆಯ ಹಿಂದೆ ತಾರೀಖು, ಹೊತ್ತು, ಸಂಖ್ಯೆ, ಪಕ್ಕದ ಅಕ್ಷರ ಎಲ್ಲ ಬರೆದುಕೊಂಡು ಬರುತ್ತಿದ್ದ. ಕಾಕಾನ ಪಿಸಿಟಿ 21.6 ಇದ್ದದ್ದು 10.9, ಆಮೇಲೆ 6.1, ಆಮೇಲೆ 3.8. "ಶೇಕಡಾ ಎಂಬತ್ತೆರಡು ಇಳದೇತ್ರಿ" ಅಂತ ಅವನೇ ಲೆಕ್ಕ ಹೇಳಿದ. ಅಷ್ಟರಲ್ಲಿ ಕಲ್ಚರ್ ಕೂಡ ಬಂದಿತ್ತು. ಮೊದಲ ಡೋಸಿಗೆ ಮುಂಚೆಯೇ ಬಾಟಲಿ ತುಂಬಿದ್ದರಿಂದ ಸಿಕ್ಕ ಉತ್ತರ ಅದು. ರಕ್ತದಲ್ಲೂ ಮೂತ್ರದಲ್ಲೂ ಒಂದೇ ಇ. ಕೋಲೈ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ಪಟ್ಟಿಯ ಸಮೇತ. ಡಾಕ್ಟರ್ ದೊಡ್ಡ ಔಷಧಿ ತೆಗೆದು ಸಣ್ಣದಕ್ಕೆ ಇಳಿಸಿದರು, ಒಟ್ಟು ಏಳು ದಿನ ಸಾಕು ಅಂದರು. ಸಿಆರ್‌ಪಿ ಆವತ್ತು ಇನ್ನೂ 64 ಇತ್ತು, ಲೀಟರಿನ ಲೆಕ್ಕದಲ್ಲಿ.